ಕರಡಿಯ ಮಾತು ಬರೆಯುವವಳು

ಮೃಗಾಲಯದ ಆಫೀಸಿನ ಹಿಂದೆ, ಹುಲ್ಲು ಒಟ್ಟುವ ಕೊಟ್ಟಿಗೆಗೆ ಅಂಟಿಕೊಂಡ ಕಿರುಕೋಣೆಯಲ್ಲಿ ಕೂತು ಅವಳು ನಾಲ್ಕು ವರ್ಷದಿಂದ ಒಂದು ಮುದಿ ಕರಡಿಯ ಪರವಾಗಿ ಮಾತಾಡುತ್ತಿದ್ದಳು. ಮೃಗಾಲಯದ ಜಾಲತಾಣದ ಪುಟದಲ್ಲಿ ದಿನಕ್ಕೊಂದು ಫೋಟೋ, ಕೆಳಗೆ ಕರಡಿಯೇ ಹೇಳಿದಂತೆ ಎರಡು ಸಾಲು. "ಇವತ್ತು ವಿಪರೀತ ಬಿಸಿಲು. ನನ್ನ ಬೆನ್ನು ನೋಡಿಕೊಂಡೇ ಮನೆಗೆ ಹೋಗಿ." ಇಷ್ಟನ್ನು ಓದಲು ಆರು ಲಕ್ಷ ಜನ ಕಾಯುತ್ತಿದ್ದರು. ಮನೆಯವರಿಗೆ ಮಾತ್ರ ಅವಳ ಕೆಲಸದ ತಲೆಬುಡ ಹತ್ತಿರಲಿಲ್ಲ.

ಭಾನುವಾರ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ಅಕ್ಕನ ಗಂಡ ಮತ್ತೆ ಕೆದಕಿದರು.

"ನೀನು ಅಲ್ಲಿ ಮಾಡೋದಾದ್ರೂ ಏನಮ್ಮಾ?"

"ಕರಡಿ ಹೇಳೋದನ್ನ ಬರೀತೀನಿ, ಭಾವ."

"ಕರಡಿ ಹೇಳುತ್ತಾ?"

"ಹೇಳಲ್ಲ. ಹೇಳಿದ್ರೆ ಹೇಗಿರುತ್ತೆ ಅಂತ..."

ಭಾವ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡರು. "ಕಂಪ್ಯೂಟರ್ ಕೆಲಸ ಕಣ್ರೀ," ಎಂದು ಅಮ್ಮ ಅವಸರದಲ್ಲಿ ತೇಪೆ ಹಾಕಿದಳು. ಪುಟದಲ್ಲಿ ಬೈದು ಬರೆದವರನ್ನು ಸಮಾಧಾನ ಮಾಡಬೇಕು, ಮಕ್ಕಳ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಮಗಳು ತನ್ನ ಕೆಲಸವನ್ನು ಬಿಡಿಸಿ ಹೇಳಲು ಹೊರಟಳು. ಅಷ್ಟರಲ್ಲಿ ಮಾತು ಯಾರದೋ ಮಂಡಿನೋವಿಗೆ ಹೊರಳಿತ್ತು. ಉಳಿದದ್ದನ್ನು ಅವಳು ತುತ್ತಿನ ಜೊತೆ ನುಂಗಿಕೊಂಡಳು.

ಮಂಗಳವಾರ ಬೆಳಗ್ಗೆ ಕರಡಿ ಏಳಲಿಲ್ಲ.

"ಹತ್ತು ಗಂಟೆಯೊಳಗೆ ಏನಾದ್ರೂ ಹಾಕಿಬಿಡಿ," ಎಂದು ಮೇಲಧಿಕಾರಿ ಬಾಗಿಲಲ್ಲೇ ನಿಂತು ಹೇಳಿ ಹೋದರು. ಸತ್ತ ಪ್ರಾಣಿಯ ಬಾಯಲ್ಲಿ ಮಾತು ತುರುಕಲು ಅವಳಿಗೆ ಮನಸ್ಸೊಪ್ಪಲಿಲ್ಲ. ಮೊದಲ ಸಲ ತನ್ನ ಮಾತಿನಲ್ಲೇ ಬರೆದಳು: "ಅವಳು ಬೆಳಗಿನ ಜಾವ ನಿದ್ದೆಯಲ್ಲೇ ಹೋದಳು. ಇಷ್ಟು ದಿನ ಮಾತಾಡಿಸಿದಿರಿ, ಎಲ್ಲರಿಗೂ ನಮಸ್ಕಾರ."

ಮಧ್ಯಾಹ್ನದ ಹೊತ್ತಿಗೆ ಸಾವಿರಾರು ಜನ ಕರಡಿಗಾಗಿ ಅತ್ತು ಬರೆದಿದ್ದರು. ಒಬ್ಬೊಬ್ಬರಿಗೂ ಉತ್ತರ ಕೊಡುತ್ತ ಕೂತವಳನ್ನು ಊಟ ಆಯ್ತಾ ಅಂತ ಕೇಳುವವರು ಯಾರೂ ಇರಲಿಲ್ಲ.

ಚಿಕ್ಕಮ್ಮನ ಫೋನು ಬಂತು. "ಕರಡಿ ಹೋಯ್ತಂತಲ್ಲೇ! ಓದಿ ಕರುಳು ಚುರುಕ್ ಅಂತು. ಯಾರು ಬರೆದ್ರೋ ಪುಣ್ಯಾತ್ಮರು."

"ನಾನೇ, ಚಿಕ್ಕಮ್ಮ."

"ನೀನಾ? ನಿಂದು ಕಂಪ್ಯೂಟರ್ ಅಲ್ವಾ?" ಅಂದಳು. ಆಮೇಲೆ ಯಾರೋ ಬಾಗಿಲು ಬಡೀತಿದ್ದಾರೆ ಅಂತ ಫೋನು ಇಟ್ಟುಬಿಟ್ಟಳು.

ಸಂಜೆ ಖಾಲಿ ಆವರಣದ ಎದುರಿನ ಕಟ್ಟೆಯ ಮೇಲೆ ಕರಡಿಯನ್ನು ನೋಡಿಕೊಳ್ಳುತ್ತಿದ್ದವನು ಕೂತಿದ್ದ. ಓದು ಬರಹ ಬಾರದ ಮನುಷ್ಯ. "ಅದರ ಹೆಸರಲ್ಲಿ ಏನೇನೋ ಬರೀತಿದ್ರಂತೆ. ಸ್ವಲ್ಪ ಓದ್ತೀರಾ, ಮೇಡಂ?" ಅಂದ.

ಅವಳು ಪಕ್ಕದಲ್ಲಿ ಕೂತು ಫೋನು ತೆಗೆದು ಮೊದಲಿನಿಂದ ಓದಿದಳು. ಅವನು ಕಣ್ಣು ಮುಚ್ಚಿ ಕೇಳಿದ.

"ಕಲ್ಲಂಗಡಿ ಅಂದ್ರೆ ಪ್ರಾಣ ಅಂತ ಬರೆದಿದ್ದೀರಾ? ಅದು ಮೂಸೂ ನೋಡ್ತಿರಲಿಲ್ಲ!"

"ಫೋಟೋದಲ್ಲಿ ಪಕ್ಕದಲ್ಲೇ ಇತ್ತಲ್ಲ?"

"ನಾನಿಟ್ಟಿದ್ದು. ಅದು ಒದ್ದು ಆಚೆ ತಳ್ಳಿತು."

ಇಬ್ಬರೂ ನಕ್ಕರು. ನಗುತ್ತಲೇ ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಕತ್ತಲಾಗುವ ತನಕ ಅವಳು ಓದಿದಳು. ಅವಳ ಕೆಲಸವನ್ನು ಪೂರ್ತಿ ಕೂತು ಕೇಳಿಸಿಕೊಂಡವನು ಅವನೊಬ್ಬನೇ.

ಮುಂದಿನ ವಾರ ಅವನನ್ನು ಮೃಗಾಲಯದ ಆ ತುದಿಯಲ್ಲಿದ್ದ ಜಿಂಕೆಗಳ ಕಡೆಗೆ ಹಾಕಿದರು. ಅವಳ ಪಾಲಿಗೆ ನೀರುಕುದುರೆ ಬಂತು. "ಅದು ಒರಟು. ಸುಮ್ನೆ ಬರೀಬೇಡಿ, ನಾಲ್ಕು ದಿನ ನೋಡಿ," ಎಂದು ಹೇಳಿ ಅವನು ಬುಟ್ಟಿ ಎತ್ತಿಕೊಂಡು ಹೋದ.

ಅವಳು ದಿನಾ ಆಫೀಸು ತೆರೆಯುವ ಮುಂಚೆ ಕೊಳದ ಬೇಲಿಯ ಬಳಿ ಒಬ್ಬಳೇ ನಿಲ್ಲತೊಡಗಿದಳು. ಒಂಬತ್ತು ದಿನ ಅದು ಕಿವಿ ಬಿಟ್ಟು ಬೇರೇನೂ ನೀರಿನಿಂದ ಮೇಲೆತ್ತಲಿಲ್ಲ. ಹತ್ತನೆಯ ದಿನವೂ ಅವಳು ಹೋದಳು.