ನನ್ನ ಷಡ್ಡಕ ಮೂರೇ ದಿನಕ್ಕೆ ಹುಷಾರಾದ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಗೊರಕೆಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಅದೇ.

ಗೊರಕೆ ನಮ್ಮ ಮನೆಯಲ್ಲಿ ಹಳೆಯ ಕಥೆ. ನಾನು ಮಲಗಿದ್ದು ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. ಎಂಟು ಗಂಟೆ ನಿದ್ದೆ ಮಾಡಿದರೂ ಎದ್ದಾಗ ಸುಸ್ತು. ನನ್ನ ಷಡ್ಡಕನದೂ ಇದೇ ಪಾಡು. ಅವನು ವ್ಯಾನ್ ಓಡಿಸುತ್ತಾನೆ. ನನ್ನ ಹೆಂಡತಿ ಮತ್ತು ಅವಳ ತಂಗಿ ಸೇರಿಕೊಂಡು ನಮ್ಮಿಬ್ಬರನ್ನೂ ಒಂದೇ ದಿನ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಇಬ್ಬರಿಗೂ ಸ್ಲೀಪ್ ಆಪ್ನಿಯಾ ಅಂದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತದಂತೆ, ನಮಗೆ ಗೊತ್ತೇ ಆಗುವುದಿಲ್ಲವಂತೆ. ಇಬ್ಬರಿಗೂ ಒಂದೇ ಥರದ ಗಾಳಿ ಮಷಿನ್ ಕೊಟ್ಟರು. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಿದರೆ ಅದರ ಗಾಳಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಷಡ್ಡಕ ನಮ್ಮ ಬಾಗಿಲಿಗೆ ಬಂದ. ಮುಖ ತೊಳೆದಿಟ್ಟ ಲೋಟದ ಹಾಗೆ ಹೊಳೆಯುತ್ತಿತ್ತು.

"ಭಾವ, ಮೂರೇ ದಿನ. ತಲೆ ಎಷ್ಟು ಹಗುರ ಅಂತೀರಾ. ನಿಮಗೆ ಹೇಗಿದೆ?"

ನಾನು ಕಾಫಿ ಲೋಟ ಹಿಡಿದೇ ತೂಕಡಿಸುತ್ತಿದ್ದೆ. ತಲೆಯೊಳಗೆ ಹತ್ತಿ ತುರುಕಿದ ಹಾಗಿತ್ತು. "ನನಗಾ? ಎರಡೇ ದಿನಕ್ಕೆ ಸರಿಹೋಯ್ತು," ಎಂದೆ.

ಮದುವೆಯಾದಾಗಿನಿಂದ ಅವನು ಎಲ್ಲದರಲ್ಲೂ ನನಗಿಂತ ಒಂದು ಹೆಜ್ಜೆ ಮುಂದೆ. ಕೂದಲು ಉದುರುವುದರಲ್ಲಿ ಮಾತ್ರ ನಾನು ಮುಂದಿದ್ದೆ. ಈಗ ನಿದ್ದೆಯಲ್ಲೂ ಅವನೇ ಗೆದ್ದನಲ್ಲ ಎಂದು ಹೊಟ್ಟೆ ಉರಿಯಿತು. ಒಂದೇ ಕಾಯಿಲೆ, ಒಂದೇ ಮಷಿನ್, ಅವನಿಗೆ ಮಾತ್ರ ಹೇಗೆ?

ಭಾನುವಾರ ಅವನ ಮನೆಗೆ ಹೋದಾಗ ಅವನ ಮಾಸ್ಕನ್ನು ಕದ್ದು ನೋಡಿದೆ. ತಲೆಗೆ ಸುತ್ತುವ ಪಟ್ಟಿ ನನ್ನದಕ್ಕಿಂತ ಗಿಡ್ಡ ಇತ್ತು. ಗುಟ್ಟು ಸಿಕ್ಕಿತು ಅಂದುಕೊಂಡೆ. ನಾನು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಸಡಿಲ ಇದ್ದದ್ದನ್ನು ಒಳಕ್ಕೆ ಹಿಡಿದು ಹೊಲಿಯುವುದು ನನಗೆ ನೀರು ಕುಡಿದಷ್ಟು ಸುಲಭ. ಮನೆಗೆ ಬಂದವನೇ ನನ್ನ ಪಟ್ಟಿಯನ್ನು ಎರಡೂ ಕಡೆ ಎರಡೆರಡು ಬೆರಳು ಒಳಕ್ಕೆ ಹಿಡಿದು ಡಬಲ್ ಹೊಲಿಗೆ ಹಾಕಿದೆ.

ಆಮೇಲೆ ಇದ್ದದ್ದೂ ಕೆಟ್ಟಿತು. ಮೂಗಿನ ಮೇಲೆ ಕೆಂಪು ಗೆರೆ ಬಿತ್ತು. ಗಾಳಿ ಪಕ್ಕದಿಂದ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತು ಹಾಕುತ್ತಿದ್ದೆ. ಬೆಳಿಗ್ಗೆ ಹೆಂಡತಿ ಕೇಳಿದರೆ "ಫಸ್ಟ್ ಕ್ಲಾಸ್" ಎನ್ನುತ್ತಿದ್ದೆ. ನಿಜ ಹೇಳಿದರೆ ಅವಳಿಂದ ತಂಗಿಗೆ, ತಂಗಿಯಿಂದ ಅವನಿಗೆ ಸುದ್ದಿ ಹೋಗುತ್ತದಲ್ಲ.

ಕಾರ್ಖಾನೆಯಲ್ಲಿ ಬೆಳಗಿನ ಮೊದಲ ಕೆಲಸವೇ ನನ್ನದು. ನಲವತ್ತು ಪದರ ಬಟ್ಟೆ ಹಾಸಿ, ಅಚ್ಚು ಇಟ್ಟು ಗೆರೆ ಎಳೆದು, ಕರೆಂಟಿನ ಬ್ಲೇಡಿನಲ್ಲಿ ಒಟ್ಟಿಗೆ ಕತ್ತರಿಸಬೇಕು. ಒಂದು ದಿನ ಆ ಮಂಪರಿನಲ್ಲಿ ಬಲತೋಳಿಗೆ ಅಚ್ಚನ್ನು ತಿರುಗಿಸಿ ಇಡುವುದನ್ನೇ ಮರೆತೆ. ನಲವತ್ತು ಅಂಗಿಗೆ ಎಂಬತ್ತು ಎಡತೋಳು.

ಕಾರ್ಖಾನೆಯ ಯಜಮಾನಿ ಎರಡು ತೋಳು ಕೈಯಲ್ಲಿ ಹಿಡಿದು ನೋಡಿದರು. "ಬಟ್ಟೆ ಹೋದ್ರೆ ಹೋಗ್ಲಿ ಮಾಸ್ಟರೇ. ನಾಳೆ ನಿಮ್ಮ ಬೆರಳು ಹೋದ್ರೆ? ಇವತ್ತಿಂದ ಕಾಜಾ-ಗುಂಡಿ ನೋಡ್ಕೊಳ್ಳಿ. ಎರಡು ತಿಂಗಳಲ್ಲಿ ತಲೆ ಸರಿಯಾಗದಿದ್ರೆ ಈ ಮೇಜಿಗೆ ಬೇರೆ ಮಾಸ್ಟರ್ ಬರ್ತಾರೆ."

ಹದಿನೆಂಟು ವರ್ಷ ನಾನು ನಿಂತ ಮೇಜು ಅದು. ಮನೆಗೆ ಬಂದು ಗಾಳಿ ಮಷಿನ್ನನ್ನು ಪೆಟ್ಟಿಗೆಗೆ ತುಂಬಿದೆ. "ಇದನ್ನ ವಾಪಸ್ ಕೊಟ್ಟುಬಿಡೋಣ. ಗೊರಕೆ ಹೊಡೀತಿದ್ದಾಗ ಕೆಲಸ ಆದ್ರೂ ಇತ್ತು."

"ಸರಿ, ನಡೀರಿ," ಎಂದ ಹೆಂಡತಿ ನನ್ನನ್ನು ಕರೆದುಕೊಂಡು ಹೋಗಿ ಕೂರಿಸಿದ್ದು ಆಸ್ಪತ್ರೆಯ ನಿದ್ರೆ ವಿಭಾಗದ ಸಿಸ್ಟರ್ ಮುಂದೆ.

ಸಿಸ್ಟರ್ ಮಷಿನ್ನಿನಲ್ಲೇ ದಾಖಲಾಗಿದ್ದ ಲೆಕ್ಕ ತೆಗೆದು ನೋಡಿದರು. "ರಾತ್ರಿಗೆ ಎರಡೇ ಗಂಟೆ ಹಾಕ್ಕೊಂಡಿದ್ದೀರಿ. ಗಾಳಿ ಬೇರೆ ಸೋರಿದೆ." ಮಾಸ್ಕ್ ತಿರುಗಿಸಿದರು. "ಇದನ್ಯಾರು ಹೊಲಿದದ್ದು? ಹೊಲಿಗೆ ಮಾತ್ರ ಚೆನ್ನಾಗಿದೆ."

ಹೆಂಡತಿ ನನ್ನ ಮುಖ ನೋಡಿದಳು. ಬಾಯಿ ಬಿಡಲೇಬೇಕಾಯಿತು. "ಷಡ್ಡಕನದು ಗಿಡ್ಡ ಇತ್ತು ಸಿಸ್ಟರ್. ಅವನಿಗೆ ಮೂರೇ ದಿನಕ್ಕೆ ಗುಣ ಆಯ್ತು."

"ಅವರ ಅಳತೆ ಬೇರೆ, ನಿಮ್ಮದು ಬೇರೆ. ಊರಿಗೆಲ್ಲ ಒಂದೇ ಅಳತೆ ಅಂಗಿ ಹೊಲೀತೀರಾ ನೀವು? ತೀರಾ ಬಿಗಿ ಮಾಡಿದ್ರೂ ಮಾಸ್ಕ್ ಸೋರುತ್ತೆ."

"ಮತ್ತೆ ಬೆಳಿಗ್ಗೆ ಈ ಮಂಪರು?"

"ಶುರುವಲ್ಲಿ ಸುಮಾರು ಜನಕ್ಕೆ ಇರುತ್ತೆ. ವರ್ಷಗಟ್ಟಲೆ ಕೆಟ್ಟ ನಿದ್ದೆ ಮೂರು ದಿನಕ್ಕೆ ಸರಿಹೋಗ್ಲೇಬೇಕು ಅಂತಿಲ್ಲ. ಕೆಲವರಿಗೆ ದಿನಗಳು, ಕೆಲವರಿಗೆ ವಾರಗಳು, ತಿಂಗಳೂ ಹಿಡಿಯುತ್ತೆ. ಮಲಗಿದಾಗೆಲ್ಲ ಮಾಸ್ಕ್ ಇರ್ಲಿ, ಮಧ್ಯಾಹ್ನದ ನಿದ್ದೆಗೂ. ಸಂಜೆ ಎಚ್ಚರ ಇದ್ದಾಗ ಸ್ವಲ್ಪ ಹೊತ್ತು ಹಾಕ್ಕೊಂಡು ಕೂತು ರೂಢಿ ಮಾಡ್ಕೊಳ್ಳಿ. ದಿನಾ ಒಂದೇ ಹೊತ್ತಿಗೆ ಎದ್ದು ಬೆಳಕಲ್ಲಿ ಓಡಾಡಿ. ಮಂಪರು ಇರೋ ತನಕ ಗಾಡಿ, ಬ್ಲೇಡು ಮುಟ್ಟಬೇಡಿ. ಗಾಳಿಯ ಒತ್ತಡ ನೀವಾಗಿ ಬದಲಾಯಿಸಬೇಡಿ. ಸರಿಹೋಗದಿದ್ರೆ ಇಲ್ಲಿಗೆ ಬನ್ನಿ. ಸುಳ್ಳು ಹೇಳ್ಕೊಂಡು ಮನೇಲಿ ಕೂರಬೇಡಿ."

ಹೊಸ ಪಟ್ಟಿ ಹಾಕಿ, ಎಷ್ಟು ಬಿಗಿ ಇರಬೇಕು ಅಂತ ತೋರಿಸಿ ಕಳಿಸಿದರು. ಎರಡು ವಾರ ಏನೂ ಬದಲಾಗಲಿಲ್ಲ. ಗುಂಡಿ ಹಾಕುತ್ತಾ ಖಾಲಿ ಮೇಜು ನೋಡುತ್ತಾ ಷಡ್ಡಕನಿಗೆ ಮನಸ್ಸಿನಲ್ಲೇ ಬೈದೆ. ಐದನೇ ವಾರ ಒಂದು ಬೆಳಿಗ್ಗೆ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದೆ. ತಲೆಯೊಳಗಿನ ಹತ್ತಿ ಹೋಗಿತ್ತು. ಯಜಮಾನಿ ಇನ್ನೂ ಒಂದು ವಾರ ಕಾದು ನೋಡಿ ಮೇಜನ್ನು ನನಗೇ ವಾಪಸ್ ಕೊಟ್ಟರು.

ಅದೇ ವಾರ ನಾದಿನಿ ಫೋನ್ ಮಾಡಿದಳು. "ಭಾವ, ಇವರು ಮಷಿನ್ ಹಾಕೋದನ್ನೇ ಬಿಟ್ಟಿದ್ದಾರೆ. ಗುಣ ಆಯ್ತಲ್ಲ, ಇನ್ಯಾಕೆ ಅಂತಾರೆ. ಮತ್ತೆ ಗೊರಕೆ. ನಿನ್ನೆ ಸಿಗ್ನಲ್ಲಲ್ಲಿ ವ್ಯಾನ್ ನಿಲ್ಲಿಸಿ ತೂಕಡಿಸಿದ್ರಂತೆ."

ನನಗೆ ಮೊದಲು ಆದದ್ದು ಖುಷಿ. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಖುಷಿಯಾಗಿಯೇ ಇದ್ದೆ. ಆಮೇಲೆ ಆ ವ್ಯಾನು, ಅದರಲ್ಲಿ ಕೂತವರು, ಫೋನಿನಲ್ಲಿ ನಾದಿನಿಯ ದನಿ ಎಲ್ಲ ಒಟ್ಟಿಗೆ ತಲೆಗೆ ಬಂತು. ನಾಚಿಕೆಯಾಯಿತು. ಎದ್ದು ಅವನ ಮನೆಗೆ ಹೋದೆ.

"ಮಷಿನ್ ಎಲ್ಲಿ?"

"ಮಂಚದ ಕೆಳಗೆ. ನನಗೆ ವಾಸಿಯಾಯ್ತಲ್ಲ ಭಾವ. ನಿಮಗೆ ಅದೇ ಹೊಟ್ಟೆಕಿಚ್ಚು."

"ಹೌದು ಕಣಯ್ಯಾ, ಹೊಟ್ಟೆಕಿಚ್ಚೇ. ಎರಡೇ ದಿನಕ್ಕೆ ಸರಿಹೋಯ್ತು ಅಂದದ್ದೂ ಸುಳ್ಳು. ವಾರಗಟ್ಟಲೆ ಹಿಡೀತು. ಕೆಲಸ ಹೋಗೋದ್ರಲ್ಲಿತ್ತು. ಮಷಿನ್ ಹಾಕ್ಕೊಂಡಿದ್ದಕ್ಕೇ ನೀನು ಚೆನ್ನಾಗಿದ್ದೆ, ಬಿಟ್ಟಿದ್ದಕ್ಕೆ ಕೆಟ್ಟೆ. ನಿನ್ನ ಮೇಲೆ ಹೊಟ್ಟೆಕಿಚ್ಚು ಪಡೋಕಾದ್ರೂ ನೀನು ಇರಬೇಕಲ್ಲಪ್ಪಾ. ವ್ಯಾನಿನ ಕೀ ಕೊಡು, ಈ ಮಂಪರಲ್ಲಿ ನೀನು ಓಡಿಸೋದು ಬೇಡ. ಸಿಸ್ಟರ್ ಹತ್ರ ಹೋಗೋಣ."

ಅವನು ಕೀ ತೆಗೆದು ನನ್ನ ಕೈಯಲ್ಲಿಟ್ಟು, ಮಂಚದ ಕೆಳಗೆ ಬಗ್ಗಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ, ಹಗಲು ತೂಕಡಿಸುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮಷಿನ್ ಶುರು ಮಾಡಿದ ಮೇಲೂ ಬೆಳಿಗ್ಗೆ ಮಂಪರು ಇದ್ದರೆ ಬಿಡಬೇಡಿ, ಮುಚ್ಚಿಡಬೇಡಿ, ನನ್ನ ಹಾಗೆ ಸೂಜಿ-ದಾರ ಹಿಡಿಯಬೇಡಿ. ಹೋಗಿ ಹೇಳಿ. ಗುಣವಾದರೂ ನೀವಾಗಿ ನಿಲ್ಲಿಸಬೇಡಿ. ಯಾರಿಗೋ ಮೂರು ದಿನಕ್ಕೆ ಆಗಿದ್ದು ನಿಮಗೆ ಮೂರು ತಿಂಗಳಿಗೆ ಆಗಬಹುದು. ಹೊಟ್ಟೆಕಿಚ್ಚಾದರೆ ಆಗಲಿ, ಮಾಸ್ಕ್ ಹಾಕಿಕೊಂಡೇ ಹೊಟ್ಟೆಕಿಚ್ಚು ಪಡಿ.