ಟೀಚರಿಗೆ ಸೈಕಲ್ ಕಲಿಸಿದವಳು

ಸೈಕಲ್ ರಿಪೇರಿಯವನ ಮಗಳು ನಾಲ್ಕನೇ ತರಗತಿಯಲ್ಲಿದ್ದಳು. ಆಳು ಚೋಟುದ್ದ, ಬಾಯಿ ಮಾತ್ರ ಊರಗಲ. ಎಲ್ಲರೂ ಅವಳನ್ನು 'ಮೆಣಸಿನಕಾಳು' ಅಂತಲೇ ಕರೆಯುತ್ತಿದ್ದರು. ಆದರೆ ಎದ್ದು ನಿಂತು ಪಾಠ ಓದು ಅಂದರೆ ಸಾಕು, ಆ ಬಾಯಿಗೆ ಬೀಗ ಬೀಳುತ್ತಿತ್ತು. ಒತ್ತಕ್ಷರ ಬಂದಲ್ಲಿ ತಡವರಿಸುತ್ತಿದ್ದಳು, ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು.

"ನಂಗೆ ಓದು ಹತ್ತಲ್ಲ ಮಿಸ್. ನನ್ ತಲೆನೇ ಹಂಗೆ," ಅಂದುಬಿಟ್ಟಳು ಒಂದು ದಿನ.

ಟೀಚರಿಗೆ ಐವತ್ತು ದಾಟಿತ್ತು. ಬುದ್ಧಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆ ಅಂತ ಗೊತ್ತಿತ್ತು. "ನಂಗೂ ಸೈಕಲ್ ಬರಲ್ಲ ಕಣೆ. ಚಿಕ್ಕೋಳಿದ್ದಾಗ ಒಂದ್ಸಲ ಬಿದ್ದೆ, ಅವತ್ತೇ ಬಿಟ್ಬಿಟ್ಟೆ. ಕಲಿಸ್ತೀಯಾ?"

ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಯಿಂದ ಸೀಟು ತಗ್ಗಿಸಿದ ಸೈಕಲ್ ತಳ್ಳಿಕೊಂಡು ಮೈದಾನಕ್ಕೆ ಬಂದಳು. ಟೀಚರು ಹತ್ತಿದರು, ಮೂರು ಮಾರು ಹೋಗುವಷ್ಟರಲ್ಲಿ ದೊಪ್ಪನೆ ಬಿದ್ದರು. ಮತ್ತೆ ಹತ್ತಿದರು, ಮತ್ತೆ ಬಿದ್ದರು. ಮೊಣಕೈ ತರಚಿತು.

"ಸಾಕಮ್ಮ, ಈ ವಯಸ್ಸಲ್ಲಿ ನನ್ ಕೈಲಾಗಲ್ಲ." ಅದು ನಾಟಕವಲ್ಲ, ಕಣ್ಣಲ್ಲಿ ನಿಜಕ್ಕೂ ನೀರಿತ್ತು.

"ಅಯ್ಯೋ ಮಿಸ್, ಮೊದ್ಲು ಬರೀ ಎಡಕ್ಕೆ ಬೀಳ್ತಿದ್ರಿ. ಈಗ ಎರಡೂ ಕಡೆ ಬೀಳ್ತೀರಿ. ಅಂದ್ರೆ ಬರ್ತಾ ಇದೆ!"

ಟೀಚರಿಗೆ ನೋವಿನಲ್ಲೂ ನಗು ತಡೆಯಲಾಗಲಿಲ್ಲ. ಮೂರನೇ ಶನಿವಾರ, ಹಿಂದೆ ಸೀಟು ಹಿಡಿದು ಓಡುತ್ತಿದ್ದ ಹುಡುಗಿ ಯಾವಾಗ ಕೈ ಬಿಟ್ಟಳೋ ತಿಳಿಯದೆ, ಅವರು ಮೈದಾನದ ಆ ತುದಿ ಮುಟ್ಟಿಬಿಟ್ಟಿದ್ದರು.

ಆಮೇಲೆ ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತರು. ಟೀಚರು ಏದುಸಿರು ಬಿಡುತ್ತಲೇ ಕೇಳಿದರು, "ನಾನು ಬಿದ್ದಾಗ ನೀನ್ಯಾಕೆ ಒಂದ್ಸಲವೂ ನಗಲಿಲ್ಲ?"

"ಕಲಿಯೋರು ಬೀಳ್ದೆ ಇರ್ತಾರಾ?" ಅಂದಳು. ಕಾಲುಬೆರಳಿನಿಂದ ಮಣ್ಣು ಕೆರೆದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದಳು. "ಇಲ್ಲಿ ಯಾರೂ ಇಲ್ವಲ್ಲ ಮಿಸ್... ನಾಲ್ಕು ಸಾಲು ಓದ್ಲಾ?"

ನಾಲ್ಕು ಸಾಲಿಗೆ ಆರು ಕಡೆ ಎಡವಿದಳು. ಟೀಚರು ತಿದ್ದುವ ಅವಸರ ಮಾಡಲಿಲ್ಲ. ಅವಳ ಬೆರಳು ನಿಂತಲ್ಲಿ ತಾವೂ ನಿಂತು, ಅವಳೇ ಅಕ್ಷರ ಬಿಡಿಸುವವರೆಗೆ ಕಾದರು. ಅಲ್ಲಿಂದ ಪ್ರತಿ ಶನಿವಾರ ಮೆಟ್ಟಿಲ ಮೇಲೆ ಓದು ನಡೆಯಿತು.

ವರ್ಷದ ಕೊನೆಗೆ ಅವಳೇನೂ ತರಗತಿಗೆ ಮೊದಲಿಗಳಾಗಲಿಲ್ಲ. ಆದರೆ ಒಂದು ಬೆಳಿಗ್ಗೆ, ಯಾರೂ ಕೇಳದೆಯೇ ಕೈ ಎತ್ತಿ ಎದ್ದು ನಿಂತಳು. ಎರಡನೇ ಸಾಲಿನಲ್ಲೇ ಎಡವಿದಳು. ಹಿಂದಿನಿಂದ ನಗು ಬಂತು. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಆ ಪದವನ್ನು ಮತ್ತೊಮ್ಮೆ ನಿಧಾನವಾಗಿ ಓದಿ, ಪುಟದ ಕೊನೆಯವರೆಗೂ ಹೋದಳು.