ಗುಬ್ಬಿಯಲ್ಲಿ ಚೆನ್ನವ್ವನ ತೀರ್ಮಾನ

ಗುಬ್ಬಿಯ ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾಟಕ. ಎರಡೂವರೆಗೆ ಹುಲಿಯೂರುದುರ್ಗದಿಂದ ಎರಡು ಟೆಂಪೊ ಟ್ರಾವೆಲರ್ ಬಂದು ನಿಂತವು. ಇಳಿದವರು ಮೂವತ್ತಮೂರು ಜನ, ಎಲ್ಲರೂ ನಾಯಕಿಯ ಪಾತ್ರ ಮಾಡುವ ಹೇಮಶ್ರೀಯ ಗಂಡನ ಕಡೆಯವರು, ಗಂಡನೂ ಸೇರಿ.

ಗಂಡನ ದೊಡ್ಡಪ್ಪ ಪುಟ್ಟರಂಗಯ್ಯ ನೇರವಾಗಿ ಬಣ್ಣದ ಕೋಣೆಗೆ ಬಂದರು.

"ಬಣ್ಣ ಚೆನ್ನಾಗೈತೆ ಕಣವ್ವ."

"ಇಷ್ಟ್ ಜನ ಯಾಕ್ ಮಾವ?"

"ಓಟ್ ಹಾಕಕ್ಕೆ. ಜನಾನೇ ತೀರ್ಮಾನ ಕೊಡ್ಬೋದು ಅಂತ ಪೇಪರ್‌ನಾಗೆ ಬಂದಿತ್ತಲ್ಲ. ವಾಪಸ್ ಹೋಗುವಾಗ್ಗೆ ಇರ್ಲಿ ಅಂತ ಒಂದ್ ಸೀಟ್ ಖಾಲಿ ಬುಟ್ಕಂಡ್ ಬಂದಿದೀವಿ."

ಪೇಪರಿನಲ್ಲಿ ಬಂದದ್ದು ನಿಜ. 'ಚೆನ್ನವ್ವ' ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲೇ ನಡೆಯುವ ನಾಟಕ. ತುಮಕೂರಿನ ತಂಡ ಅದನ್ನು ಒಪೆರಾ ಎಂದು ಕರೆಯುತ್ತಿತ್ತು. ಪಾಳೆಗಾರನ ಹೆಂಡತಿ ಚೆನ್ನವ್ವ ಮುನಿಸಿಕೊಂಡು ತವರಿಗೆ ಬಂದಿದ್ದಾಳೆ. ಅವಳು ಮರಳಿ ಹೋಗಬೇಕೇ, ಬೇಡವೇ ಎಂದು ಕೊನೆಯ ಅಂಕದಲ್ಲಿ ಪ್ರೇಕ್ಷಕರು ಮೊಬೈಲಿನಲ್ಲಿ ಮತ ಹಾಕಿ, ಒಂದು ಸಾಲಿನ ಕಾರಣ ಬರೆಯುತ್ತಾರೆ. ಎಐ ತಂತ್ರಾಂಶ ಆ ಕಾರಣಗಳನ್ನು ಪದ್ಯ ಮಾಡಿ ನಟಿಯ ಕಿವಿಯಲ್ಲಿರುವ ಇಯರ್‌ಫೋನಿಗೆ ಕಳಿಸುತ್ತದೆ. ಅವಳು ಹಾಡಿದಂತೆ ವಾದ್ಯಗಳನ್ನೂ ಅದೇ ನುಡಿಸುತ್ತದೆ. ತುಮಕೂರಿನ ಮೊದಲ ಪ್ರದರ್ಶನದಲ್ಲಿ ಶೇಕಡ ಐವತ್ತೆಂಟು ಮಂದಿ 'ಬೇಡ' ಅಂದಿದ್ದರು.

ಹೇಮಶ್ರೀ ಹುಲಿಯೂರುದುರ್ಗ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಗಂಡ ಕೃಷ್ಣಕುಮಾರ್ ಕುಡಿಯುವವನಲ್ಲ, ಹೊಡೆದವನೂ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹಾರ್ಡ್‌ವೇರ್ ಅಂಗಡಿಗೆ ಹೊರಡುವಾಗ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಎರಡು ವರ್ಷ ಹಾಗೆ ನಡೆಯಿತು. ಈಗ ಅವಳು ತುಮಕೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ ಮಾಡುತ್ತಿದ್ದಳು. ಬೀಗದ ವಿಷಯ ಗೊತ್ತಿದ್ದುದು ಅವಳ ತಾಯಿಗೆ ಮಾತ್ರ. ಎರಡು ಸಲ ಪಂಚಾಯ್ತಿ ಕೂಡಿತ್ತು. ಎರಡೂ ಸಲ ಅವಳು "ಯೋಚ್ನೆ ಮಾಡ್ತೀನಿ" ಎಂದಷ್ಟೇ ಹೇಳಿದ್ದಳು. ಹಿರಿಯರಿಗೆ ಬೇಕಾಗಿದ್ದುದು ನಾಲ್ಕು ಜನರ ಮುಂದೆ ಅವಳ ಬಾಯಿಂದ ಒಂದು ಮಾತು.

ಅವಳು ನಿರ್ದೇಶಕ ಚೈತನ್ಯನನ್ನು ಹುಡುಕಿಕೊಂಡು ಹೋದಳು. ಅವನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ.

"ಇವತ್ತು ಓಟಿಂಗ್ ಬೇಡ ಚೈತನ್ಯ."

"ಅದನ್ನ ತೆಗೆದ್ರೆ ನಾಟ್ಕದಲ್ಲಿ ಇನ್ನೇನಿದೆ ಅಕ್ಕ? ಜನ ಕೇಳ್ತಿರೋದು ಚೆನ್ನವ್ವನ್ನ, ನಿಮ್ಮನ್ನಲ್ಲ."

"ಇಲ್ಲಿ ಬಂದಿರೋರಿಗೆ ಆ ವ್ಯತ್ಯಾಸ ಇಲ್ಲ ಕಣೋ."

"ಸುಮ್ನೆ ಹಾಡ್ಬಿಡಿ. ಹತ್ತು ನಿಮಿಷದ ಕೆಲ್ಸ."

ನಾಲ್ಕೂಕಾಲು ಗಂಟೆಗೆ ಮತದಾನ ಮುಗಿಯಿತು. ಪರದೆಯ ಮೇಲೆ ಲೆಕ್ಕ ಬಂತು: ಒಟ್ಟು ಮುನ್ನೂರ ಎಪ್ಪತ್ತೊಂದು ಮತ, 'ಹೋಗಲಿ' ಇನ್ನೂರ ಎಂಬತ್ತೆಂಟು. ಹೇಮಶ್ರೀ ವೇದಿಕೆಯ ಮೇಲೆ ನಿಂತೇ ಮೂವತ್ತಮೂರನ್ನು ಕಳೆದಳು. ಇನ್ನೂರ ಐವತ್ತೈದು ಉಳಿಯಿತು. ಅವಳು ಯಾರೆಂದೇ ಅರಿಯದ ಜನ ಕೂಡ ಕಥೆ ಸುಖವಾಗಿ ಮುಗಿಯಲಿ ಎಂದು ಬಯಸಿದ್ದರು.

ಶ್ರುತಿ ಶುರುವಾಯಿತು. ಕಿವಿಯಲ್ಲಿ ಯಂತ್ರ ಮೆಲ್ಲಗೆ ಪದ್ಯ ಹೇಳಿತು:

ಮುನಿಸು ಮುಗಿಯಿತು ಒಡೆಯ, ಬಾಗಿಲ ತೆರೆದು ಕಾಯಿರಿ,
ಮಂಡಿ ನೊಂದಿಹ ಅತ್ತೆಗೆಣ್ಣೆಯ ತಿಕ್ಕ ಬರುವೆನು.

ಪಾಳೆಗಾರನ ಕಥೆಯಲ್ಲಿ ಅತ್ತೆಯೇ ಇಲ್ಲ. ಮಂಡಿನೋವು ಹುಲಿಯೂರುದುರ್ಗದ ಅತ್ತೆಯದು. ಗಂಡನ ಕಡೆಯವರಿದ್ದ ನಾಲ್ಕನೇ ಸಾಲಿನಲ್ಲಿ ಕೂತು ಯಾರೋ ಅದನ್ನು ಕಾರಣವೆಂದು ಬರೆದಿದ್ದರು, ಯಂತ್ರ ಪ್ರಾಮಾಣಿಕವಾಗಿ ಛಂದಸ್ಸಿಗೆ ಕೂರಿಸಿತ್ತು.

ಅವಳು ಬಾಯಿ ತೆರೆಯಲಿಲ್ಲ. ಶ್ರುತಿ ಕಾಯಿತು. ಎಂಟು ಸೆಕೆಂಡಿನ ನಂತರ ಕಿವಿಯಲ್ಲಿ ಅದೇ ಪದ್ಯ, ಅದೇ ಮೆಲುದನಿ. ಮತ್ತೆ ಎಂಟು ಸೆಕೆಂಡು. ಮೂರನೆಯ ಸಲಕ್ಕೆ ಸಾಲುಗಳು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿದವು. ಹವ್ಯಾಸಿ ಕಲಾವಿದರು ಮಾತು ಮರೆತರೆ ಪ್ರೇಕ್ಷಕರು ಕೈಹಿಡಿಯಲಿ ಎಂದು ಚೈತನ್ಯ ಮಾಡಿದ್ದ ವ್ಯವಸ್ಥೆ ಅದು.

ಮೊದಲು ಪುಟ್ಟರಂಗಯ್ಯ ದನಿ ಎತ್ತಿದರು. ಯೌವನದಲ್ಲಿ ಪೌರಾಣಿಕ ನಾಟಕಗಳಲ್ಲಿ ಭೀಮನ ಪಾತ್ರ ಕಟ್ಟಿದ ಗಂಟಲು. ಅವರ ಸಾಲಿನವರು ಸೇರಿದರು, ಬಳಿಕ ಇಡೀ ಸಭಾಂಗಣ. ವಾದ್ಯಗಳು ಆ ದನಿಯನ್ನು ಹಿಡಿದು ಮುಂದೆ ಸಾಗಿದವು. ಹಾಗಲವಾಡಿಯಿಂದ ಬಂದು ಎರಡನೇ ಸಾಲಿನಲ್ಲಿ ಕೂತಿದ್ದ ತಾಯಿ ಚಿಕ್ಕಗಂಗಮ್ಮನ ತುಟಿಯೂ ಅಲುಗುತ್ತಿತ್ತು. ಸ್ಪಾಟ್‌ಲೈಟ್ ತಾನಾಗಿ ಹೇಮಶ್ರೀಯನ್ನು ಬಿಟ್ಟು ರಂಗಸಜ್ಜಿಕೆಯ ಗಂಡನ ಮನೆಯ ಬಾಗಿಲ ಮೇಲೆ ಹೋಗಿ ನಿಂತಿತು. 'ಚೆನ್ನವ್ವ ಗಂಡನ ಮನೆ ಸೇರಿದಳು' ಎಂದು ಪರದೆ ಹೇಳಿತು. ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಅವಳು ಬಣ್ಣ ಒರೆಸಿಕೊಂಡು ಹೊರಬಂದಾಗ ಗೇಟಿಗೆ ಅಡ್ಡಲಾಗಿ ಟೆಂಪೊ ನಿಂತಿತ್ತು.

"ನಡಿಯವ್ವ. ಜನ ಹೇಳವ್ರೆ, ನೀನೂ ಒಪ್ಪಿದ್ದೀಯ," ಅಂದರು ಪುಟ್ಟರಂಗಯ್ಯ.

"ನಾನ್ ಹಾಡ್ಲಿಲ್ಲ ಮಾವ."

"ಮತ್ತೆ ಇದ್ಯಾರ ಗಂಟ್ಲು?" ಅವರು ಮೊಬೈಲ್ ಮುಂದೆ ಹಿಡಿದರು. ವಿಡಿಯೊದಲ್ಲಿ ಸಭಾಂಗಣದ ದನಿಯ ಮೇಲೆ, ಜನರ ಕಡೆಗಿದ್ದ ಸ್ಪೀಕರ್‌ಗಳಿಂದ ಬಂದು ವೇದಿಕೆಯಲ್ಲಿ ಅವಳಿಗೆ ಕೇಳಿಸದಿದ್ದ ಅವಳದೇ ದನಿ ಸ್ಪಷ್ಟವಾಗಿ ಹಾಡುತ್ತಿತ್ತು, ಮುನಿಸು ಮುಗಿಯಿತು ಒಡೆಯ.

ಹಿಂದೆಯೇ ಬಂದಿದ್ದ ಚೈತನ್ಯ ತಲೆ ಕೆರೆದುಕೊಂಡ. "ರಿಹರ್ಸಲ್‌ನಲ್ಲಿ ನಿಮ್ ವಾಯ್ಸ್ ಕಲ್ತಿದೆ ಅಕ್ಕ. ಗ್ಯಾಪ್ ಬಿದ್ರೆ ಅದೇ ತುಂಬತ್ತೆ. ಫಾರಂನಲ್ಲಿ ಬರ್ದಿತ್ತು, ಸೈನ್ ಮಾಡಿದ್ರಿ."

"ನಿನಗಿಂತ ಮುಂಚೆ ಮಿಷನ್‌ಗೇ ನಿನ್ ಮನ್ಸು ಗೊತ್ತಾಗೈತೆ ಬುಡು," ಅಂದರು ಪುಟ್ಟರಂಗಯ್ಯ. ಟೆಂಪೊ ಸುತ್ತ ನಿಂತವರು ನಕ್ಕರು. ಕೃಷ್ಣಕುಮಾರ್ ನಗಲಿಲ್ಲ. ಅವನು ವಿಡಿಯೊವನ್ನು ಯಾರಿಗೋ ಕಳಿಸುತ್ತಿದ್ದ.

ಹೇಮಶ್ರೀ ಗೇಟಿನ ಬಳಿ ನಿಂತಿದ್ದ ತಾಯಿಯ ಕಡೆ ತಿರುಗಿದಳು. "ಅವ್ವ, ನೀನೂ ಹಾಡ್ದಾ?"

"ಎಲ್ರೂ ಹಾಡ್ತಿದ್ರು ಕಣೆ," ಅಂದಳು ಚಿಕ್ಕಗಂಗಮ್ಮ. "ರಾಗ ಚೆನ್ನಾಗಿತ್ತು."

"ಹಾಡ್ದೋರನ್ನ ಹತ್ತಿಸ್ಕಂಡ್ ಹೋಗಿ ಮಾವ. ನಾನ್ ಬರಲ್ಲ."

ಪುಟ್ಟರಂಗಯ್ಯನವರಿಗೆ ಸಿಟ್ಟು ಬರಲಿಲ್ಲ. "ಆತುರ ಏನಿಲ್ಲ. ಮುಂದಿನ್ದು ಎಲ್ಲಪ್ಪ?" ಎಂದು ಚೈತನ್ಯನನ್ನು ಕೇಳಿದರು.

"ಮುಂದಿನ ಭಾನುವಾರ ಕುಣಿಗಲ್‌ನಲ್ಲಿ ಸರ್."

"ನಮಗೆ ಹತ್ರಾನೇ ಆಯ್ತು. ನಾಲ್ಕ್ ಗಾಡಿ ಮಾಡ್ಕಂಡ್ ಬರ್ತೀವಿ."

ಟೆಂಪೊಗಳು ಹೊರಟ ಮೇಲೆ ಹೇಮಶ್ರೀ, "ಕುಣಿಗಲ್‌ಗೆ ಬೇರೆಯವರನ್ನ ನೋಡ್ಕೊ," ಅಂದಳು.

"ಒಂದ್ ವಾರದಲ್ಲಿ ಯಾರು ಸಿಗ್ತಾರಕ್ಕ? ಆದ್ರೂ ಟೆನ್ಶನ್ ಮಾಡ್ಕೋಬೇಡಿ," ಚೈತನ್ಯ ವೈರುಗಳನ್ನು ಸುತ್ತುತ್ತ ಹೇಳಿದ. ಅವನ ದನಿಯಲ್ಲಿ ಸಮಾಧಾನವೇ ಇತ್ತು. "ವಾಯ್ಸ್ ಇದ್ಯಲ್ಲ. ಹುಡುಗಿ ಯಾರಾದ್ರೂ ಸುಮ್ನೆ ನಿಂತ್ಕೊಂಡ್ರೆ ಸಾಕು. ನೀವ್ ಬರದೇ ಇದ್ರೂ ನಿಮ್ ಪಾರ್ಟ್ ನಡಿಯತ್ತೆ."

ತಾನು ಹೋಗದಿದ್ದರೆ ಅಲ್ಲಿ 'ನಾನು ಹಾಡಲಿಲ್ಲ' ಎನ್ನಲೂ ಯಾರೂ ಇರುವುದಿಲ್ಲ ಎಂದು ಹೇಮಶ್ರೀಗೆ ಹೊಳೆಯಿತು.

"ಎಷ್ಟ್ ಗಂಟೆಗೆ ಬರ್ಬೇಕು?" ಎಂದು ಕೇಳಿದಳು.